ಜೋಗೇಶ್ವರಿಯಲ್ಲಿ ಸಿಕ್ಕಿದ ಗಿಟಾರು

ಪಶ್ಚಿಮ ರೈಲ್ವೆಯ ಫಾಸ್ಟ್ ಲೋಕಲಿನಲ್ಲಿ ಓಡಾಡುವವರಿಗೆ ಜೋಗೇಶ್ವರಿ ಎಂದರೆ ಒಂದು ಹೆಸರಿನ ಹಲಗೆ ಮಾತ್ರ. ಅಂಧೇರಿ ಬಿಟ್ಟು ಗಾಡಿ ವೇಗ ಹಿಡಿಯುವಷ್ಟರಲ್ಲಿ ಕಿಟಕಿಯಾಚೆ ಅದು ಸರಿದುಹೋಗಿರುತ್ತದೆ. ಸ್ಲೋ ಗಾಡಿ ಹಿಡಿದವರಿಗಷ್ಟೇ ಇಲ್ಲಿ ಇಳಿಯುವ ಯೋಗ. ಊರಿಗೆ ಹೆಸರು ಕೊಟ್ಟ ದೇವಿ ಪೂರ್ವ ಭಾಗದ ಗುಹೆಯೊಳಗೆ ಕುಳಿತಿದ್ದಾಳೆ. ಆರನೆಯ ಶತಮಾನದ ಈ ಶೈವ ಗುಹಾಲಯ ಎಲಿಫಂಟಾಕ್ಕಿಂತ ತುಸು ಹಳೆಯದೆಂದು ಹಲವು ವಿದ್ವಾಂಸರ ಮತ. ಊರಿನಿಂದ ನೆಂಟರು ಬಂದರೆ ದೋಣಿ ಹತ್ತಿಸಿ ಎಲಿಫಂಟಾ ತೋರಿಸುವ ನಾವು, ಹತ್ತು ರೂಪಾಯಿ ಟಿಕೇಟಿನ ದೂರದಲ್ಲಿರುವ ಇದನ್ನು ನೋಡಿರುವುದಿಲ್ಲ. ಅದೇ ಪೂರ್ವದಲ್ಲಿ 1930ರ ಇಸ್ಮಾಯಿಲ್ ಯೂಸುಫ್ ಕಾಲೇಜು ಗುಡ್ಡದ ಮೇಲೆ ಹಸಿರಿನ ನಡುವೆ ನಿಂತಿದೆ. ಕಮಾಲ್ ಅಮ್ರೋಹಿಯವರ ಕಮಾಲಿಸ್ತಾನ್ ಸ್ಟುಡಿಯೋ ಇದ್ದದ್ದೂ ಈ ಕಡೆಯಲ್ಲೇ.

ಅದಿರಲಿ, ನಾನು ಹೇಳಹೊರಟಿರುವುದು ಗುಹೆಯ ಕಥೆಯಲ್ಲ. ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು ಎಸ್.ವಿ. ರೋಡಿನಲ್ಲಿ ಗೋರೆಗಾಂವ್ ದಿಕ್ಕಿಗೆ ನಡೆದರೆ ಎಡಬಲಗಳಲ್ಲಿ ಹಳೆಯ ಫರ್ನಿಚರಿನ ಅಂಗಡಿಗಳು ಶುರುವಾಗುತ್ತವೆ. ಮುಂಬಯಿ ಇದನ್ನು ಓಶಿವರಾ ಮಾರ್ಕೆಟ್ ಎಂದು ಕರೆಯುತ್ತದೆ. ಕೆಡವಿದ ಬಂಗಲೆಗಳ ಬಾಗಿಲು, ಪಾರ್ಸಿ ಮನೆಗಳ ಕಪಾಟು, ಇರಾನಿ ಹೋಟೆಲಿನ ಬಾಗುಬೆನ್ನಿನ ಕುರ್ಚಿ, ಸಿನಿಮಾ ಸೆಟ್ಟಿನಲ್ಲಿ ಒಂದು ವಾರ ಮಹಾರಾಜನನ್ನು ಹೊತ್ತ ಸಿಂಹಾಸನ, ಎಲ್ಲವೂ ಒಂದರ ಮೇಲೊಂದು ಹೇರಿಕೊಂಡು ರಸ್ತೆಯ ತನಕ ಬಂದಿರುತ್ತವೆ. ಮರ, ಪಾಲಿಶು, ಫೋಮು ತುಂಬಿದ ಇಂಥ ಜಾಗಕ್ಕೆ ಒಂದು ಕಿಡಿ ಸಾಕು. 2025ರ ಫೆಬ್ರವರಿಯಲ್ಲಿ ದೊಡ್ಡ ಬೆಂಕಿ ಬಿದ್ದು ಹಲವು ಅಂಗಡಿಗಳು ಸುಟ್ಟುಹೋದವು. ನಾನು ಹೇಳುತ್ತಿರುವುದು ಅದಕ್ಕೆ ಎರಡು ವರ್ಷ ಮುಂಚಿನ ಮಾತು.

ನನ್ನ ಸೋದರಳಿಯ ಇಂಜಿನಿಯರಿಂಗ್ ಓದುತ್ತಿದ್ದಾನೆ. ಹುಟ್ಟಿದ್ದು ಗೋರೆಗಾಂವ್, ಕನ್ನಡ ಮಾತಾಡುತ್ತಾನೆ, ಓದುವುದು ಬಸ್ಸಿನ ಬೋರ್ಡಿನ ವೇಗದಲ್ಲಿ. ಅವನಿಗೆ ಇಲೆಕ್ಟ್ರಿಕ್ ಗಿಟಾರು ಬೇಕಿತ್ತು. ಧೋಬಿ ತಲಾವಿನ ಫುರ್ಟಾಡೋಸ್‌ಗೆ, ಅಂದರೆ 1865ರಿಂದ ಈ ಊರಿಗೆ ವಾದ್ಯ ಮಾರುತ್ತಿರುವ ಅಂಗಡಿಗೆ, ಒಮ್ಮೆ ಹೋಗಿ ಬೆಲೆಯ ಚೀಟಿಗಳನ್ನು ಓದಿಕೊಂಡು ಬಂದ. ಅವನ ತಾಯಿ, ನನ್ನ ತಂಗಿ, "ಸೆಮಿಸ್ಟರ್ ಮುಗಿಯಲಿ" ಎಂಬ ಒಂದೇ ವಾಕ್ಯದಲ್ಲಿ ವಿಷಯ ಮುಗಿಸಿದಳು. ಹೀಗಿರುವಾಗ 2023ರ ಮಾರ್ಚಿನಲ್ಲಿ ನಾನು ಪುಸ್ತಕದ ಕಪಾಟೊಂದನ್ನು ಹುಡುಕಿಕೊಂಡು ಓಶಿವರಾಕ್ಕೆ ಹೊರಟೆ. ಹೊರಲು ಒಂದು ಜೊತೆ ಕೈ ಇರಲಿ ಎಂದು ಅವನನ್ನೂ ಕರೆದುಕೊಂಡೆ. ಕಪಾಟು ಸಿಗಲಿಲ್ಲ. ಕಪಾಟೊಂದರ ಮೇಲೆ ಕರಿಯ ಪೆಟ್ಟಿಗೆ ಸಿಕ್ಕಿತು. ಅದರೊಳಗೆ ಕೆಂಪು ಬಣ್ಣದ, ಮೂರು ಪಿಕಪ್ಪಿನ, ಎರಡು ಕೊಂಬಿನ ಗಿಟಾರು. ತಲೆಯ ಮೇಲಿನ ಹೆಸರಿನ ಪಟ್ಟಿ ಯಾವತ್ತೋ ಕಿತ್ತುಹೋಗಿತ್ತು.

ಇಂಥ ಗಿಟಾರುಗಳಿಗೆ ಒಂದು ಚರಿತ್ರೆಯಿದೆ. 1991ರ ಉದಾರೀಕರಣಕ್ಕೆ ಮುಂಚೆ ಅಮೆರಿಕೆಯ ವಾದ್ಯ ತರಿಸುವುದೆಂದರೆ ಪರವಾನಗಿ, ಸುಂಕ, ವಿದೇಶದಲ್ಲಿರುವ ಚಿಕ್ಕಪ್ಪನ ದಾಕ್ಷಿಣ್ಯ. ಆದ್ದರಿಂದ ನಮ್ಮ ಹುಡುಗರು ಬಾರಿಸಿದ್ದು ಕಲ್ಕತ್ತದ ಮಾಲು. ಗಿವ್ಸನ್, ಗಿಬ್‌ಟೋನ್, ಹೋಬ್ನರ್ ಎಂಬ ಹೆಸರುಗಳನ್ನು ನೋಡಿ. ಗಿಬ್ಸನ್, ಹಾಫ್ನರ್ ಎಂಬ ಹೊರದೇಶದ ಹೆಸರುಗಳು ಹೂಗ್ಲಿಯಲ್ಲಿ ಮಿಂದು ಬಂದಂತಿವೆ. ನಗಬೇಡಿ, ಎರಡು ತಲೆಮಾರಿನ ಭಾರತ ಗಿಟಾರು ಕಲಿತದ್ದು ಇವುಗಳ ಮೇಲೆ.

ಮುಂಬಯಿಗಂತೂ ಗಿಟಾರಿನವರು ಬೇಕಾದಷ್ಟು ಬೇಕಿತ್ತು. ಸಿನಿಮಾ ಆರ್ಕೆಸ್ಟ್ರಾಗಳ ಬೆನ್ನೆಲುಬಾಗಿದ್ದವರಲ್ಲಿ ಗೋವೆಯ ಕ್ರೈಸ್ತ ವಾದಕರು ಅನೇಕರು. 1977ರ 'ಅಮರ್ ಅಕ್ಬರ್ ಆಂಥನಿ'ಯಲ್ಲಿ ಅಮಿತಾಭ್ ಮೊಟ್ಟೆಯಿಂದ ಹೊರಬಂದು ಹೇಳುವ ಆಂಥನಿ ಗೊನ್ಸಾಲ್ವಿಸ್ ಎಂಬ ಹೆಸರು ಒಬ್ಬ ನಿಜವಾದ ಪಿಟೀಲು ಗುರುವಿನದು. ಅವರ ಶಿಷ್ಯ ಪ್ಯಾರೇಲಾಲ್ ಆ ಚಿತ್ರದ ಸಂಗೀತ ನಿರ್ದೇಶಕರಲ್ಲಿ ಒಬ್ಬರು. 1971ರ 'ದಮ್ ಮಾರೋ ದಮ್' ಹಾಡಿನ ಗಿಟಾರು ನುಡಿಸಿದವರು, ಮುಂದೆ ಗಜಲ್ ಗಾಯಕರಾಗಿ ಹೆಸರಾದ ಭೂಪಿಂದರ್ ಸಿಂಗ್. ಸ್ಟುಡಿಯೋದ ಹೊರಗೆ ಇನ್ನೊಂದು ದೊಡ್ಡ ಲೋಕವಿತ್ತು: ಗಣೇಶೋತ್ಸವ, ಮದುವೆ, ಕ್ಲಬ್ಬುಗಳ 'ಆರ್ಕೆಸ್ಟ್ರಾ'. ಚಾಳಿನ ಅಂಗಳದಲ್ಲಿ ಬೊಂಬು ಕಟ್ಟಿ, ಎರಡು ಟ್ಯೂಬ್‌ಲೈಟ್ ಹಾಕಿ, ರಾತ್ರಿಯಿಡೀ ಹಾಡು. ನಿಮ್ಮ ತಂದೆತಾಯಿಯರನ್ನು ಕೇಳಿ, ಅವರಲ್ಲಿ ಅರ್ಧದಷ್ಟು ಜನ ಅಲ್ಲಿ ಕುಳಿತು ಕೇಳಿದವರೇ. ಮುಂದೆ ಕೀಬೋರ್ಡು, ಸೀಕ್ವೆನ್ಸರು ಬಂದು ಒಬ್ಬನೇ ಹತ್ತು ಜನರ ಕೆಲಸ ಮಾಡತೊಡಗಿದ. ಗಿಟಾರುಗಳು ಮಾಳಿಗೆ ಸೇರಿದವು.

ನಮ್ಮ ಕೆಂಪು ಗಿಟಾರು ಈ ಎರಡನೆಯ ಲೋಕದ್ದು. ಪೆಟ್ಟಿಗೆಯ ಜೇಬಿನಲ್ಲಿ ಮಡಿಸಿದ ಚೀಟಿಯಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಊರುಗಳ ಹೆಸರು, ಎದುರಿಗೆ ಹಣ: ಮಜಾಸ್‌ವಾಡಿ 60, ಗೋರೆಗಾಂವ್ 75, ಮಾಟುಂಗಾ 75, ಕೆಳಗೆ, ಆಂಪ್ ಬಾಡಿಗೆ 20. ಇಸವಿ ಬರೆದಿರಲಿಲ್ಲ. ಅಂಬೋಲಿಯ ಹಳೆಯ ಮನೆಯೊಂದನ್ನು ಕೆಡವಿ ಬಿಲ್ಡಿಂಗ್ ಕಟ್ಟುವಾಗ ಕಪಾಟಿನ ಜೊತೆಗೇ ಬಂದದ್ದಂತೆ. "ಆ ಮನೆಯವರು ವಸಾಯಿ ಕಡೆ ಹೋದರು, ನುಡಿಸುತ್ತಿದ್ದ ಮುದುಕ ಅದಕ್ಕೂ ಮುಂಚೆಯೇ ಹೋದ," ಎಂದ ಅಂಗಡಿಯವನು. ಎರಡನೆಯ 'ಹೋದ' ಎಂದಾಗ ಕೈಯನ್ನು ಮೇಲಕ್ಕೆ ತೋರಿಸಿದ.

ಬೆಲೆ ಆರು ಸಾವಿರ ಹೇಳಿದ. ಚೌಕಾಸಿಗೆ ಮುಂಚೆ ವಾದ್ಯವನ್ನು ನೋಡಬೇಕಲ್ಲವೆ? ಹಳೆಯ ಗಿಟಾರು ಕೊಳ್ಳುವ ಉಮೇದಿನ ಯುವಕ ಯುವತಿಯರಿಗೆ ಉಪಯೋಗವಾಗಬಹುದೆಂದು ನಾವು ಮಾಡಿದ್ದನ್ನು ಬರೆಯುತ್ತೇನೆ. ಮೊದಲು ಗಿಟಾರನ್ನು ಬಂದೂಕಿನಂತೆ ಕಣ್ಣಿಗೆ ಹಿಡಿದು ಕತ್ತಿನ ಉದ್ದಕ್ಕೂ ನೋಡಬೇಕು. ನಮ್ಮ ಕರಾವಳಿಯ ಹವೆಯಲ್ಲಿ ಮರ ನೀರು ಕುಡಿದು ಸೊಟ್ಟಗಾಗುತ್ತದೆ. ಸ್ವಲ್ಪ ಬಿಲ್ಲಿನಂತೆ ಬಾಗಿದ್ದರೆ ಕತ್ತಿನೊಳಗಿನ ಉಕ್ಕಿನ ಸಲಾಕೆ, ಅಂದರೆ ಟ್ರಸ್ ರಾಡನ್ನು ತಿರುಗಿಸಿ ಸರಿಮಾಡಬಹುದು. ಹಪ್ಪಳದಂತೆ ಮುರುಟಿದ್ದರೆ ಕೈಮುಗಿದು ಮುಂದಿನ ಅಂಗಡಿಗೆ ಹೋಗಿ. ಎರಡನೆಯದು ಅಳತೆ. ತಲೆಯ ಬಳಿಯ ಎಲುಬಿನ ಪಟ್ಟಿಯಿಂದ ಹನ್ನೆರಡನೆಯ ಫ್ರೆಟ್ಟಿಗೆ ಎಷ್ಟೋ, ಅಲ್ಲಿಂದ ಕೆಳಗಿನ ಬ್ರಿಜ್ಜಿಗೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಸ್ವರ ಸರಿಯಾಗಿ ಇಮ್ಮಡಿಸುವುದು ತಂತಿಯ ನಟ್ಟನಡುವೆ. ಅಗ್ಗದ ವಾದ್ಯಗಳಲ್ಲಿ ಬ್ರಿಜ್ಜನ್ನೇ ತಪ್ಪು ಜಾಗದಲ್ಲಿ ಕೂರಿಸಿರುತ್ತಾರೆ, ಅದನ್ನು ಯಾವ ರಿಪೇರಿಯವನೂ ಸುಲಭಕ್ಕೆ ತಿದ್ದಲಾರ. ಅಂಗಡಿಯವನ ಬಡಗಿಯ ಟೇಪಿನಲ್ಲಿ ಅಳೆದೆವು, 324 ಮಿಲಿಮೀಟರು. ಫೆಂಡರ್ ಕಂಪೆನಿಯ ಗಿಟಾರುಗಳ ಒಟ್ಟು ಅಳತೆ 648, ಕರಾರುವಾಕ್ಕಾಗಿ ಅರ್ಧ. ಹೆಸರಿಲ್ಲದ ಆ ಬಡಗಿಯ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ.

ಮೂರನೆಯದು ಪಿಕಪ್ಪು. ತಂತಿಗಳ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿ ಏಳೆಂಟು ಸಾವಿರ ಸುತ್ತು. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ತತ್ತ್ವವೇ, ಹೊಸದೇನಿಲ್ಲ. ಅಳಿಯ ಕಾಲೇಜಿನ ಮಲ್ಟಿಮೀಟರನ್ನು ಬ್ಯಾಗಿನಲ್ಲಿ ಇಟ್ಟುಕೊಂಡೇ ತಿರುಗುವವನು. ಐದಾರು ಸಾವಿರ ಓಮ್ ತೋರಿಸಿದರೆ ಸುರುಳಿ ಜೀವಂತ. ಎರಡು ತೋರಿಸಿದವು. ನಡುವಿನದು ಸತ್ತಿತ್ತು.

ಸತ್ತ ಪಿಕಪ್ಪಿನ ಹೆಸರು ಹೇಳಿ ಮೂರೂವರೆ ಸಾವಿರಕ್ಕೆ ಇಳಿಸಿದೆವು. ಮನೆಗೆ ತಂದಾಗ ತಂಗಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಹೊಸ ಪಿಕಪ್ಪು ತರಿಸಬಹುದಿತ್ತು. ಆದರೆ ಜೋಗೇಶ್ವರಿ ಪೂರ್ವದ ಇಂಡಸ್ಟ್ರಿಯಲ್ ಎಸ್ಟೇಟಿನ ಗಾಲಾಗಳಲ್ಲಿ ಸುರುಳಿ ಸುತ್ತುವುದೇ ಬದುಕಾದವರು ಇದ್ದಾರೆ: ರಿಲೇಗಳಿಗೆ, ಸಣ್ಣ ಟ್ರಾನ್ಸ್‌ಫಾರ್ಮರುಗಳಿಗೆ. ಅಂಥ ಒಂದು ಗಾಲಾಕ್ಕೆ ಅಳಿಯ ಸತ್ತ ಪಿಕಪ್ಪನ್ನು ಒಯ್ದ. ಅಲ್ಲಿನ ಹಿರಿಯ ಕಾರೀಗರನಿಗೆ ಗಿಟಾರು ಗೊತ್ತಿರಲಿಲ್ಲ, ತಂತಿ ಗೊತ್ತಿತ್ತು. ಬೆರಳಲ್ಲಿ ಮುಟ್ಟಿಯೇ ದಪ್ಪ ಹೇಳಿದ. "ಎಷ್ಟು ಸುತ್ತು?" ಎಂದು ಕೇಳಿದವನಿಗೆ ಅಳಿಯ "ಏಳೂವರೆ ಸಾವಿರ, ಆದರೆ ಉಳಿದೆರಡಕ್ಕೆ ವಿರುದ್ಧ ದಿಕ್ಕಿನಲ್ಲಿ" ಎಂದ.

ಈ 'ವಿರುದ್ಧ ದಿಕ್ಕು' ಎಂಬುದರಲ್ಲೇ ಇಡೀ ರಿಪೇರಿಯ ಸ್ವಾರಸ್ಯವಿದೆ. ಒಂದೇ ಸುರುಳಿಯ ಪಿಕಪ್ಪು ತಂತಿಯ ದನಿಯ ಜೊತೆಗೆ ಗೋಡೆಯ ವಯರಿಂಗ್, ಟ್ಯೂಬ್‌ಲೈಟ್, ಪಕ್ಕದ ಮನೆಯ ಮಿಕ್ಸರ್ ಎಲ್ಲದರ ಗುಂಯ್‌ಗುಟ್ಟುವಿಕೆಯನ್ನೂ ಹಿಡಿಯುತ್ತದೆ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಹಿಂದುಮುಂದಾಗುವ ಸದ್ದು ಅದು. 1955ರಲ್ಲಿ ಗಿಬ್ಸನ್ ಕಂಪೆನಿಯ ಸೇಥ್ ಲವರ್ ಇದಕ್ಕೆ ಉಪಾಯ ಹುಡುಕಿದರು. ಎರಡು ಸುರುಳಿಗಳನ್ನು ಎದುರುಬದುರು ದಿಕ್ಕಿಗೆ ಸುತ್ತಿ, ಅಯಸ್ಕಾಂತವನ್ನೂ ತಿರುವಿಟ್ಟರೆ ಹೊರಗಿನ ಗುಂಯ್ ಒಂದಕ್ಕೊಂದು ಹೊಡೆದುಕೊಂಡು ಮಾಯವಾಗುತ್ತದೆ, ತಂತಿಯ ದನಿ ಮಾತ್ರ ಕೂಡಿಕೊಳ್ಳುತ್ತದೆ. ಮೂರು ಪಿಕಪ್ಪಿನ ಗಿಟಾರಿನಲ್ಲಿ ನಡುವಿನದನ್ನು ಹೀಗೆ ತಿರುಗಿಸಿದರೆ, ಅದನ್ನು ಅಕ್ಕಪಕ್ಕದ ಯಾವುದರ ಜೊತೆ ಸೇರಿಸಿದರೂ ಇದೇ ಫಲ. ಸತ್ತದ್ದು ನಡುವಿನದೇ ಆದದ್ದು ಅದೃಷ್ಟ. ಅದರಡಿಯ ಅಯಸ್ಕಾಂತದ ಪಟ್ಟಿಯನ್ನು ಮಗುಚಿ ಹಾಕಿ, ಜೇಬಿನ ದಿಕ್ಸೂಚಿ ಹಿಡಿದು ಪರೀಕ್ಷಿಸಿದ. ಲ್ಯಾಮಿಂಗ್ಟನ್ ರೋಡಿನಿಂದ 250 ಕಿಲೋ ಓಮಿನ ಮೂರು ಪೊಟೆನ್ಶಿಯೋಮೀಟರು, ಒಂದು ಕೆಪಾಸಿಟರು ತಂದ. ಮೂರು ನಿಲುಗಡೆಯ ಹಳೆಯ ಸ್ವಿಚ್ಚಿನ ಬದಲು ಐದು ನಿಲುಗಡೆಯದು ಬಂತು. ಎಲ್ಲ ಸೇರಿ ಸಾವಿರದೈನೂರು ಮುಟ್ಟಲಿಲ್ಲ.

ಇಷ್ಟರವರೆಗೆ ನನ್ನ ತಕರಾರೇನೂ ಇರಲಿಲ್ಲ. ಆಮೇಲೆ ಹುಡುಗ ಎರಡು ಯೋಜನೆ ಹೇಳಿದ. ಒಂದು, ಕೆಂಪು ಬಣ್ಣ ಕೆರೆದು ಕಪ್ಪು ಸ್ಪ್ರೇ ಹೊಡೆಸುವುದು. ಇನ್ನೊಂದು, ಫ್ರೆಟ್ಟುಗಳ ನಡುವಿನ ಮರವನ್ನು ದೋಣಿಯಂತೆ ತಗ್ಗು ಮಾಡುವುದು. ಎರಡನೆಯದಕ್ಕೆ ಅವನ ಬಳಿ ಒಳ್ಳೆಯ ವಾದವಿತ್ತು. "ಮಾವ, ಗಮಕ ಬರಬೇಕಾದರೆ ಬೆರಳಿಗೆ ಜಾಗ ಬೇಕು. ವೀಣೆ ನೋಡಿ." ಮಾತು ಸುಳ್ಳಲ್ಲ. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಎತ್ತರಕ್ಕೆ ಕೂತಿರುತ್ತವೆ, ಬೆರಳು ಮರಕ್ಕೆ ತಾಗುವುದೇ ಇಲ್ಲ, ತಂತಿಯನ್ನು ಪಕ್ಕಕ್ಕೆ ಎಳೆದಷ್ಟೂ ಬರುತ್ತದೆ. 1970ರ ದಶಕದಲ್ಲಿ ಜಾಕಿರ್ ಹುಸೇನ್, ಎಲ್. ಶಂಕರ್, ವಿಕ್ಕು ವಿನಾಯಕರಾಮ್ ಅವರ ಜೊತೆ 'ಶಕ್ತಿ' ತಂಡ ಕಟ್ಟಿದ ಜಾನ್ ಮೆಕ್‌ಲಾಫ್ಲಿನ್ ವೀಣೆಯನ್ನು ಅಭ್ಯಾಸ ಮಾಡಿದವರು. ತಮ್ಮ ಗಿಟಾರಿನ ಫ್ರೆಟ್ಟುಗಳ ನಡುವೆ ಹೀಗೇ ತಗ್ಗು ಮಾಡಿಸಿ, ಅನುರಣನಕ್ಕೆಂದು ಏಳು ತಂತಿಗಳನ್ನು ಅಡ್ಡಲಾಗಿ ಹಾಯಿಸಿದ್ದರು.

ವಾದ್ಯವನ್ನು ಬದಲಿಸುವುದು ಅಪಚಾರವೆಂದು ನಾನೂ ಹೇಳಲಾರೆ. ನಮ್ಮ ಟಿ. ಚೌಡಯ್ಯನವರನ್ನೇ ನೋಡಿ. ಪಿಟೀಲು ಸುಮಾರು ಇನ್ನೂರು ವರ್ಷದ ಹಿಂದೆ ಕರ್ನಾಟಕ ಸಂಗೀತಕ್ಕೆ ಬಂದ ಯುರೋಪಿನ ವಾದ್ಯ. ಮೈಕು ಇಲ್ಲದ ಕಾಲದಲ್ಲಿ ಅದರ ದನಿ ಸಭೆಯ ಕೊನೆಯ ಸಾಲಿಗೆ ಮುಟ್ಟುತ್ತಿರಲಿಲ್ಲ. ತಿರುಮಕೂಡಲಿನ ಈ ಮಹಾನುಭಾವರು 1927ರ ಸುಮಾರಿಗೆ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಬೆಂಗಳೂರಿಗೆ ಹೋದಾಗ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನವನ್ನು ನೀವು ಕಂಡಿರಬಹುದು. 1980ರದು, ಅದರ ಮೇಲೂ ತಂತಿಗಳು ಏಳೇ. ಅದೇ 1980ರಲ್ಲಿ ನಮ್ಮ ಮುಂಬಯಿಯ ಜಾಝ್ ಉತ್ಸವದಲ್ಲಿ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನನ್ನು ಕೇಳಿದ ಅಮೆರಿಕೆಯ ಜಾನ್ ಹ್ಯಾಂಡಿ ತಾನೂ ವೇದಿಕೆಗೆ ಬರಲೇ ಎಂದು ಕೇಳಿದರಂತೆ. ಬಂಟ್ವಾಳ ತಾಲೂಕಿನ ನಾಗಸ್ವರದ ಮನೆಯಿಂದ ಬಂದವರು, ಪರದೇಶದ ಕೊಳವೆಯಲ್ಲಿ ಗಮಕ ತೆಗೆದವರು. ಹಾಗಾಗಿ 'ಇದು ನಮ್ಮ ವಾದ್ಯವಲ್ಲ' ಎಂದು ಗಿಟಾರು ಹಿಡಿದ ಮಕ್ಕಳನ್ನು ಗದರುವ ಹಿರಿಯರಿಗೆ ನನ್ನ ಬಳಿ ಬೇರೆ ಉತ್ತರ ಇಲ್ಲ.

ಫ್ರೆಟ್ಟುಗಳ ವಿಷಯ ಇತ್ಯರ್ಥವಾದದ್ದು ಬೇರೆ ರೀತಿಯಲ್ಲಿ. ಸವೆದ ಫ್ರೆಟ್ಟುಗಳನ್ನು ಸಮ ಮಾಡಲು ಅಂಧೇರಿಯ ವಾದ್ಯ ರಿಪೇರಿಯವರೊಬ್ಬರಿಗೆ ಕೊಟ್ಟಿದ್ದೆವು. ಬೆರಳುಹಲಗೆಗೆ ಕಪ್ಪು ಬಣ್ಣ ಬಳಿದಿತ್ತು. ಅದನ್ನು ತೆಗೆದು ಎಣ್ಣೆ ಹಚ್ಚಿ ವಾಪಸು ಕೊಟ್ಟರು. ನನ್ನ ತಾಯಿ, ಹುಡುಗನ ಅಜ್ಜಿ, ತೀರ್ಥಹಳ್ಳಿ ಕಡೆಯವರು. ಅಲ್ಲಿಯವರೆಗೆ ಗಿಟಾರಿನತ್ತ ಕಣ್ಣೆತ್ತಿಯೂ ನೋಡದಿದ್ದವರು ಅವತ್ತು ಹತ್ತಿರ ಬಂದು ಹಲಗೆಯ ಮೇಲೆ ಕೈಯಾಡಿಸಿದರು. ನೇರಳೆ ಛಾಯೆಯ ಕಂದು, ಅದರ ಮೇಲೆ ಕರಿಯ ಗೆರೆಗಳು. "ಇದು ಬೀಟೆ ಅಲ್ಲವನಾ! ಇಂಥಾ ಮರಕ್ಕೆ ಬಣ್ಣ ಬಳಿದವರು ಯಾರು ಮಾರಾಯ?" ಎಂದರು. ಊರಿನ ಮನೆಯಲ್ಲಿದ್ದ ಬೀಟೆಯ ಪೆಟ್ಟಿಗೆ, ಅದನ್ನು ನಾಲ್ಕು ಜನ ಸೇರಿ ಎತ್ತುತ್ತಿದ್ದದ್ದು, ಎಲ್ಲ ಹೊರಬಂತು. ತಗ್ಗು ಮಾಡುವ ಯೋಚನೆ ಕೇಳಿ, "ಬೀಟೆಯನ್ನು ಕೆರೆದು ಬಿಸಾಡುತ್ತಾರೇನು?" ಎಂದಷ್ಟೇ ಕೇಳಿದರು. ಹುಡುಗ ಅರಗಳನ್ನು ಒಳಗಿಟ್ಟ. ಬದಲಿಗೆ ತೆಳುವಾದ ತಂತಿ ಹಾಕಿದ, ಎಳೆಯಲು ಅದೇ ಸಾಕಾಯಿತು.

ಅಂತರ್ಜಾಲದಲ್ಲಿ ಜಗತ್ತಿನ ಗಿಟಾರುಗಳೆಲ್ಲವನ್ನೂ ಬಲ್ಲ ನಮ್ಮ ಮಕ್ಕಳಿಗೆ ಈ ಮರದ ಸಂಗತಿ ಗೊತ್ತಿರುವುದಿಲ್ಲ. ಅಮೆರಿಕೆಯ ತಯಾರಕರು ಮೊದಲು ಬಳಸುತ್ತಿದ್ದದ್ದು ಬ್ರೆಜಿಲಿನ ರೋಸ್‌ವುಡ್. ಅದು ಸಿಗುವುದು ಕಷ್ಟವಾದಾಗ ಫೆಂಡರ್ 1960ರ ದಶಕದ ನಡುವಿನಲ್ಲಿ, ಮಾರ್ಟಿನ್ ಕಂಪೆನಿ 1969ರಲ್ಲಿ ಭಾರತದ ರೋಸ್‌ವುಡ್ಡಿಗೆ ತಿರುಗಿದವು. ಭಾರತದ ರೋಸ್‌ವುಡ್ ಎಂದರೆ ಬೇರೇನಲ್ಲ, ಪಶ್ಚಿಮ ಘಟ್ಟದ ನಮ್ಮ ಬೀಟೆ. ಮೈಸೂರು ಅರಮನೆಯ ಬಾಗಿಲುಗಳಲ್ಲಿ ದಂತದ ಕೆತ್ತನೆ ಹೊತ್ತಿರುವುದೂ ಅದೇ ಮರ. ಕತ್ತರಿಸುವಾಗ ಬರುವ ಗುಲಾಬಿಯ ನಸುವಾಸನೆಯಿಂದ ಇಂಗ್ಲಿಷಿನ ಹೆಸರು ಬಂದಿದೆ. ಮರ ಕಡಿಮೆಯಾಗುತ್ತ ಬಂದು, 2017ರ ಜನವರಿಯಲ್ಲಿ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಇದರ ಜಾತಿಯ ಮರಗಳ ವ್ಯಾಪಾರಕ್ಕೆಲ್ಲ ಪರವಾನಗಿ ಕಡ್ಡಾಯ ಮಾಡಿತು. ಗಿಟಾರು ಕಂಪೆನಿಗಳು ಗಡಿಬಿಡಿಯಿಂದ ಬೇರೆ ಮರ ಹುಡುಕಿದವು. 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನ್ಯೂಜೆರ್ಸಿಯಲ್ಲೋ ಲಂಡನಿನಲ್ಲೋ ಇರುವ ನಿಮ್ಮ ಸೋದರಸಂಬಂಧಿಯ ದುಬಾರಿ ಗಿಟಾರಿನ ಬೆರಳುಹಲಗೆ ಕೊಡಗಿನದೋ ಚಿಕ್ಕಮಗಳೂರಿನದೋ ಆಗಿರಬಹುದು.

ಇನ್ನು ಉಳಿದದ್ದು ಕೆಂಪು ಬಣ್ಣ. 1950-60ರ ದಶಕದ ಅಸಲಿ ಫೆಂಡರ್, ಗಿಬ್ಸನ್ನುಗಳನ್ನು ಸಂಗ್ರಹಿಸುವವರ ಲೋಕದಲ್ಲಿ ಒಂದು ಬೆಸುಗೆ ಕದಲಿಸಿದರೂ ಬೆಲೆ ಇಳಿಯುತ್ತದೆ, ಬಣ್ಣ ಬದಲಿಸಿದರಂತೂ ಅರ್ಧಕ್ಕೆ ಬೀಳುತ್ತದೆ. ನಮ್ಮದಕ್ಕೆ ಅಂಥ ಭಯವಿಲ್ಲ. ಮೂರೂವರೆ ಸಾವಿರದ ಗಿಟಾರು ಎಷ್ಟು ಇಳಿದೀತು? ಹಾಗೆಂದು ಹುಡುಗನಿಗೆ ಬೇಡವೆಂದು ನಾನು ಹೇಳಲೂ ಇಲ್ಲ. ವಾದ್ಯ ಅವನದು. ಆದರೆ ಬಿಚ್ಚುವ ಮುಂಚೆ ಒಮ್ಮೆ ಬೆಳಕಿಗೆ ಹಿಡಿದು ನೋಡು ಎಂದೆ. ಬಲಗೈಯ ಮೊಣಕೈ ಊರುವಲ್ಲಿ ಕೆಂಪು ಸವೆದು ಬಿಳಿ, ಬಿಳಿಯೂ ಸವೆದು ಮರ ಕಾಣುತ್ತಿತ್ತು. ಹಿಂಬದಿಯಲ್ಲಿ ಬೆಲ್ಟಿನ ಬಕ್ಕಲ್ಲು ಉಜ್ಜಿದ ಗೀರುಗಳ ಗೊಂಚಲು. ತಲೆಯ ತುದಿಯಲ್ಲಿ, ತಂತಿಗೆ ಸಿಕ್ಕಿಸಿಟ್ಟ ಸಿಗರೇಟು ಸುಟ್ಟ ಕಲೆ. ಇದೆಲ್ಲ ಮಜಾಸ್‌ವಾಡಿಯ 60, ಮಾಟುಂಗಾದ 75 ರೂಪಾಯಿಗಳು. ನಮ್ಮ ಕಡೆಯ ಯಾವುದೋ ಗಣಪತಿ ಪೆಂಡಾಲಿನಲ್ಲಿ ನಾನೇ ಕುಳಿತು ಕೇಳಿದ ರಾತ್ರಿಯೂ ಅದರಲ್ಲಿ ಇದ್ದೀತು.

ಸ್ಪ್ರೇ ಡಬ್ಬಿ ಇನ್ನೂ ಕಪಾಟಿನಲ್ಲಿದೆ. ಗಿಟಾರು ಕೆಂಪಾಗಿಯೇ ಇದೆ. ತೆಗೆದ ಭಾಗಗಳನ್ನು, ಹಳೆಯ ಸ್ವಿಚ್ಚು, ತುಕ್ಕು ಹಿಡಿದ ಪೊಟೆನ್ಶಿಯೋಮೀಟರುಗಳು, ಗಾಲಾದವನು ಬಿಚ್ಚಿಕೊಟ್ಟ ತಾಮ್ರದ ಗೋಜಲು, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಪೆಟ್ಟಿಗೆಯ ಜೇಬಿನಲ್ಲಿ ಆ ಚೀಟಿಯ ಜೊತೆ ಇಟ್ಟಿದ್ದಾನೆ. ಮೇಲೆ ತಾರೀಖನ್ನೂ ಬರೆದಿದ್ದಾನೆ, ಕನ್ನಡದಲ್ಲೇ. ವಿನಾಯಕನ ವಿ ಸ್ವಲ್ಪ ಸೊಟ್ಟಗಿರುವಂತೆ ಅವನ 'ಮಾರ್ಚ್' ಕೂಡ ಸೊಟ್ಟಗಿದೆ. ಮುಂದೆ ಈ ಗಿಟಾರನ್ನು ಕೊಳ್ಳುವವನು ಯಾರೇ ಆಗಲಿ, ಬೇಕೆಂದರೆ ಎಲ್ಲವನ್ನೂ ಮೊದಲಿನಂತೆ ಜೋಡಿಸಬಹುದು.

ಎರಡು ಪಿಕಪ್ಪು ಸೇರಿಸಿ ನುಡಿಸಿದಾಗ ಗಿಟಾರು ನಿಶ್ಶಬ್ದದಿಂದ ಎದ್ದು ಬರುತ್ತದೆ. ಒಂದೊಂದನ್ನೇ ಬಳಸಿದಾಗ ಮಾತ್ರ ಇನ್ನೂ ಗುಂಯ್ ಎನ್ನುತ್ತದೆ, ಅಡುಗೆಮನೆಯಲ್ಲಿ ಮಿಕ್ಸರ್ ತಿರುಗಿದರೆ ಇನ್ನಷ್ಟು. ಒಳಗಿನ ಪೊಟರೆಗೆ ತಾಮ್ರದ ಅಂಟುಪಟ್ಟಿ ಹೊದಿಸಿದರೆ ಮಿಕ್ಸರಿನ ಕರಕರೆಯಾದರೂ ತಗ್ಗೀತು. ಪರೀಕ್ಷೆ ಮುಗಿದೊಡನೆ ಮತ್ತೆ ಲ್ಯಾಮಿಂಗ್ಟನ್ ರೋಡಿಗೆ ಹೋಗುತ್ತೇನೆ ಎಂದಿದ್ದಾನೆ. ಮಳೆ ಹಿಡಿಯುವ ಮುಂಚೆ ಮಾಡಿಕೋ ಎಂದಿದ್ದೇನೆ. ಒದ್ದೆ ಹವೆಯಲ್ಲಿ ಆ ಅಂಟು ನಿಲ್ಲುವುದಿಲ್ಲ.